ಮತ ಎಣಿಕೆ

ಅಳತೆಯಣ್ಣನ ಅಂಗಡಿಗೆ ಪ್ರಾರ್ಥನಾ ಮಂದಿರದ ಅಧ್ಯಕ್ಷರು ತಮ್ಮ ಸ್ವಂತ ಕಾಲಲ್ಲಿ ನಡೆದುಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಅವರ ಬೂಟುಗಳು ಮಾತ್ರ ಬರುತ್ತಿದ್ದವು, ಡ್ರೈವರನ ಕೈಯಲ್ಲಿ, ಚೀಲದೊಳಗೆ ಕೂತು. ಬೂಟು ಉಬ್ಬಿದ ಜಾಗ ನೋಡಿಯೇ ಅಳತೆಯಣ್ಣ ಅವರ ಎಡಗಾಲಿನ ಕಿರುಬೆರಳಲ್ಲಿ ಆಣಿ ಇದೆಯೆಂದು ಕಂಡುಹಿಡಿದು, ಅಲ್ಲಿ ತೊಗಲನ್ನು ಹಿಗ್ಗಿಸಿ ಕಳಿಸುತ್ತಿದ್ದ. ಹೀಗೆ ಇಪ್ಪತ್ತು ವರ್ಷದಿಂದ ಆ ಆಣಿಯ ಪರಿಚಯ ಅವನಿಗೆ ಚೆನ್ನಾಗಿತ್ತು. ಆಣಿಯ ಯಜಮಾನರದು ಅಷ್ಟಕ್ಕಷ್ಟೇ.

ಅಧ್ಯಕ್ಷರ ಹಿಂದೆ ಮಂದಿರದ ಕಾರ್ಯದರ್ಶಿ ಮೇಷ್ಟ್ರು, ಕಂಕುಳಲ್ಲಿ ಫೈಲು. ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟು ನಿವೃತ್ತರಾದವರು. ಕೆಲಸ ಅವರನ್ನು ಬಿಟ್ಟಿತ್ತು, ವ್ಯಾಕರಣ ಬಿಟ್ಟಿರಲಿಲ್ಲ. ಕೀಲಿ ಮಾಡುವವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಆ ಗೂಡಿನಲ್ಲಿ ಮೂವರು ನಿಂತರೆ ನಾಲ್ಕನೆಯದಾಗಿ ಗಾಳಿಗೂ ಜಾಗವಿರಲಿಲ್ಲ. ಅಳತೆಯಣ್ಣ ಸ್ಟೂಲಿನ ಮೇಲಿದ್ದ ತೊಗಲಿನ ಚೂರುಗಳನ್ನು ಕೊಡವಿ ಮುಂದೆ ಸರಿಸಿದ. ಅಧ್ಯಕ್ಷರು ಸ್ಟೂಲನ್ನು ನೋಡಿ, ಡಾಕ್ಟರು ನಿಂತೇ ಇರಬೇಕೆಂದು ಹೇಳಿದ್ದಾರೆ ಅಂದರು.

"ವಿಷಯ ಗೊತ್ತಾಯ್ತೇನ್ರೀ? ನಮ್ಮನ್ನ ಇತರೆಗೆ ಹಾಕಿಬಿಟ್ಟಿದ್ದಾರೆ!"

"ಎಲ್ಲಿಗೆ?"

ಮೇಷ್ಟ್ರು ಬಿಡಿಸಿ ಹೇಳಿದರು. ಸರ್ಕಾರ ಜನಗಣತಿಗೆಂದು ಹೊಸ ನಮೂನೆ ಅಚ್ಚು ಹಾಕಿಸಿತ್ತು. ಹಳೆಯ ನಮೂನೆಯ ಮತಗಳ ಪಟ್ಟಿಯಲ್ಲಿ ಇವರದು ಏಳನೆಯದು. ಕೊನೆಯದಾದರೂ ಹೆಸರು ಹಿಡಿದು ಬರೆದಿತ್ತು. ಹೊಸದರಲ್ಲಿ ಆರಕ್ಕೆ ನಿಲ್ಲಿಸಿ, ಏಳನೆಯ ಸಾಲಿನಲ್ಲಿ 'ಇತರೆ' ಎಂದು ಬರೆದು ಕೈತೊಳೆದುಕೊಂಡಿದ್ದರು. ದೇಶವೆಲ್ಲ ಜಾಲಾಡಿದರೂ ಆ ಮತದವರು ನಾಲ್ಕು ಬಸ್ಸು ತುಂಬುವುದು ಕಷ್ಟ. ಆದರೇನು, ಅವಮಾನ ಮಾಡಿಸಿಕೊಳ್ಳಲು ಬಹುಮತ ಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ.

"ಇದಕ್ಕೆ ನಾನೇನು ಮಾಡ್ಲಿ ಯಜಮಾನ್ರೇ?"

"ನಿಮ್ಮ ಹತ್ರ ರಾಷ್ಟ್ರದ ಪದಕ ಇದೆಯಲ್ಲ. ವಾಪಸ್ ಕೊಡಿ. ಸರ್ಕಾರದ ಮುಖಕ್ಕೆ ಹೊಡೆದ ಹಾಗೆ ಆಗ್ಬೇಕು. ನಮ್ಮವರಲ್ಲಿ ವಾಪಸ್ ಕೊಡೋಕೆ ಏನಾದ್ರೂ ಇರೋದು ನಿಮ್ಮೊಬ್ರ ಹತ್ರಾನೇ."

ಇದು ಪೂರ್ತಿ ನಿಜವಲ್ಲ. ಅಧ್ಯಕ್ಷರ ಬಟ್ಟೆ ಗೋದಾಮು ನಿಂತಿದ್ದದ್ದು ಸರ್ಕಾರ ಕೊಟ್ಟ ಜಾಗದಲ್ಲಿ. ಆದರೆ ಅದನ್ನು ವಾಪಸ್ ಕೊಟ್ಟರೆ ಜನ ಪ್ರತಿಭಟನೆ ಎನ್ನುವುದಿಲ್ಲ, ತಲೆ ಕೆಟ್ಟಿದೆ ಎನ್ನುತ್ತಾರೆ. ಮೇಷ್ಟ್ರಿಗೆ ಪಿಂಚಣಿ ಬರುತ್ತಿತ್ತು. ಅದು ಅವರ ಹಕ್ಕು. ಉಳಿದದ್ದು ಅಳತೆಯಣ್ಣನ ಪದಕ.

ಆ ಪದಕ ಬಂದ ಕತೆಯನ್ನೂ ಹೇಳಿಬಿಡಬೇಕು. ಕಾಯಿಲೆಯಿಂದ ಸ್ಪರ್ಶ ಸತ್ತ ಕಾಲುಗಳಿಗೆ ಅವನು ಬೂಟು ಮಾಡುತ್ತಿದ್ದ. ಅಂಥ ಕಾಲಿಗೆ ಮೊಳೆ ಚುಚ್ಚಿದರೂ ತಿಳಿಯುವುದಿಲ್ಲ, ಮನೆಗೆ ಹೋಗಿ ರಕ್ತ ನೋಡಿದ ಮೇಲೆಯೇ ಗೊತ್ತು. ಅದಕ್ಕೇ ಅವನ ಬೂಟಿನಲ್ಲಿ ಒಂದೇ ಒಂದು ಮೊಳೆ ಇರುತ್ತಿರಲಿಲ್ಲ. ಎಲ್ಲವೂ ಮೇಣ ಹಚ್ಚಿದ ದಾರದ ಹೊಲಿಗೆ, ಒಳಗೆ ಮೆತ್ತನೆಯ ಕಂಬಳಿಯ ಪದರ. ಬಂದವರನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲ್ಲಿನಿಂದ ಎರಡೂ ಪಾದಗಳ ಸುತ್ತ ಗೆರೆ ಎಳೆಯುತ್ತಿದ್ದ. ಎಡಗಾಲು ಬಲಗಾಲು ಒಂದೇ ಸಮ ಇರುವ ಮನುಷ್ಯನನ್ನು ನಾನು ಕಂಡಿಲ್ಲ, ದೇವರೇ ಅಳತೆ ತಪ್ಪಿದ್ದಾನೆ ಎನ್ನುತ್ತಿದ್ದ. ಅದರಿಂದಲೇ ಆ ಅಡ್ಡಹೆಸರು ಬಂತು. ಒಬ್ಬ ಡಾಕ್ಟರಮ್ಮ ಇವನ ಬಗ್ಗೆ ಎಲ್ಲಿಗೋ ಬರೆದು ಹಾಕಿದಳು, ಎರಡು ವರ್ಷದ ಕೆಳಗೆ ಒಂದು ದಿನ ಸರ್ಕಾರದ ಕಾಗದ ಬಂತು. ಏನೋ ನೋಟೀಸು ಎಂದು ಅಳತೆಯಣ್ಣ ಮೂರು ದಿನ ಅದನ್ನು ಒಡೆಯದೆ ಇಟ್ಟಿದ್ದ.

ಪದಕಕ್ಕೆ ಮುಂಚೆ ಮಂದಿರದಲ್ಲಿ ಅವನ ಜಾಗ ಬಾಗಿಲ ಪಕ್ಕ, ಎಲ್ಲರೂ ಚಪ್ಪಲಿ ಬಿಡುವಲ್ಲಿ. ನಲವತ್ತು ವರ್ಷ ಅಲ್ಲೇ. ಚರ್ಮದ ಕೆಲಸದವನು ಮುಂದೆ ಬರಬಾರದು ಎಂದು ಯಾರೂ ಹೇಳಿರಲಿಲ್ಲ. ಅವರ ಮತದಲ್ಲಿ ಎಲ್ಲರೂ ಸಮಾನರೆಂದು ಗೋಡೆಯ ಮೇಲೇ ಬರೆದಿತ್ತು. "ನಿನಗೆ ಚಪ್ಪಲಿಗಳ ಪರಿಚಯ ಜಾಸ್ತಿ, ಒಂದು ಕಣ್ಣಿಟ್ಟಿರು" ಎಂದು ಅಷ್ಟೇ ಹೇಳಿದ್ದರು. ಅವನು ಇಟ್ಟಿದ್ದ. ನಲವತ್ತು ವರ್ಷದಲ್ಲಿ ಒಂದು ಜೊತೆಯೂ ಕಳುವಾಗಿರಲಿಲ್ಲ. ಆ ಸಾಧನೆಗೆ ಮಾತ್ರ ಯಾರೂ ಪದಕ ಕೊಡಲಿಲ್ಲ.

ರಾಷ್ಟ್ರದ ಪದಕ ಬಂದ ವಾರವೇ ಅಧ್ಯಕ್ಷರು ಅವನನ್ನು ತೋಳು ಹಿಡಿದು ಮೊದಲ ಬೆಂಚಿಗೆ ಕರೆದೊಯ್ದರು. ಜೊತೆಗೆ ಬಹುವಚನವೂ ಬಂತು. "ಏನೋ" ಹೋಗಿ "ಏನ್ರೀ" ಆಯಿತು, "ಬಾ" ಹೋಗಿ "ಬನ್ನಿ" ಆಯಿತು. ಮೊದಮೊದಲು ಅವನು ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡುತ್ತಿದ್ದ. (ಈ ಕತೆಯಲ್ಲೂ ಅವನಿಗೆ ಏಕವಚನವೇ ಇದೆ, ನಿಜ. ಆದರೆ ಇದು ಬೇರೆ ಜಾತಿಯ ಏಕವಚನ, ಓದುವವರಿಗೆ ಗೊತ್ತಾಗುತ್ತದೆ.)

ಬೆಂಚಿನಿಂದ ಅವನಿಗೇನೂ ಹೆಚ್ಚು ಸಿಗಲಿಲ್ಲ. ಸಿಕ್ಕಿದ್ದು ಹೆಂಡತಿಗೆ. ಅವಳಿಗೆ ಕಿವಿ ಮಂದವಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಪ್ರಾರ್ಥನೆ ಬಾಯಿಂದ ನೇರವಾಗಿ ಕಿವಿಗೆ ಹೋಗಬೇಕು, ನಡುವೆ ಮೈಕು ವೈರು ಇರಬಾರದು ಎಂಬುದು ಅವರ ಮತದ ಕಟ್ಟಳೆ. ಬಾಯಿ ಗುರುಗಳದು, ವಯಸ್ಸು ಎಪ್ಪತ್ತೆಂಟು. ಕಿವಿ ಇವಳದು, ಇದ್ದದ್ದು ಬಾಗಿಲಲ್ಲಿ. ಕಿವಿಗೆ ಹಾಕುವ ಮೆಷೀನು ಒಂದು ತಂದಿದ್ದರು, ಅದು ಕುಕ್ಕರಿನ ಹಾಗೆ ಶಿಳ್ಳೆ ಹೊಡೆಯುತ್ತಿತ್ತು. ಮಂದಿರದಲ್ಲಿ ಶಿಳ್ಳೆ ಹೊಡೆದರೆ ಗತಿಯೇನು ಎಂದು ಹೆದರಿ ಅವಳೇ ಡಬ್ಬಿಯಲ್ಲಿಟ್ಟುಬಿಟ್ಟಳು. ಇಪ್ಪತ್ತು ವರ್ಷ ದೂರದಿಂದ ಗುರುಗಳ ತುಟಿ ನೋಡಿ, ಅಂದಾಜಿನ ಮೇಲೆ ದೇವರನ್ನು ಬೇಡಿಕೊಂಡಳು.

ಮೊದಲ ಬೆಂಚಿನಲ್ಲಿ ಕೂತು ಬಂದ ದಿನ ಅವಳು ಮನೆಯ ಬೀಗ ತೆಗೆಯುವುದಕ್ಕೂ ಕಾಯಲಿಲ್ಲ.

"ರೀ, ಆ ಮೂರನೇ ಸಾಲು 'ಬೆಳಕು ಕೊಡು' ಅಂತ ಅಲ್ವಂತೆ! 'ಅಳುಕು ಬಿಡಿಸು' ಅಂತೆ! ಇಷ್ಟು ವರ್ಷ ನಾನು ಬೆಳಕನ್ನೇ ಕೇಳ್ತಾ ಇದ್ದೆ."

"ಅದಕ್ಕೇ ಮತ್ತೆ, ಕರೆಂಟು ಬಿಲ್ಲು ಆ ಪಾಟಿ ಬರ್ತಿದ್ದದ್ದು."

ಅವಳು ನಕ್ಕದ್ದು ಪಕ್ಕದ ಮನೆಗೂ ಕೇಳಿಸಿತು. ಕಿವಿ ಮಂದವಾದವರು ನಕ್ಕರೂ ಜೋರು, ಅತ್ತರೂ ಜೋರು. ಪದಕಕ್ಕಾಗಿ ಅಳತೆಯಣ್ಣ ಸರ್ಕಾರಕ್ಕೆ ಮನಸಾರೆ ಕೃತಜ್ಞನಾದದ್ದು ಆ ಹೊತ್ತಿನಲ್ಲಿ.

ಈಗ ಅದನ್ನು ವಾಪಸ್ ಕೊಡಬೇಕು. ಸುಳ್ಳೇಕೆ, ಪಟ್ಟಿಯಿಂದ ಹೆಸರು ಹೋಯಿತೆಂದರೆ ಅವನಿಗೂ ಸಂಕಟವಾಗಿತ್ತು. ಆ ಪ್ರಾರ್ಥನೆಯನ್ನು ಅವನಿಗೆ ಕಲಿಸಿದವಳು ಅಮ್ಮ, ತೊಡೆಯ ಮೇಲೆ ಕೂರಿಸಿಕೊಂಡು. ಅದಕ್ಕೊಂದು ಹೆಸರೇ ಇಲ್ಲ ಎಂದು ಯಾವನೋ ಕುರ್ಚಿಯಲ್ಲಿ ಕೂತು ಬರೆದರೆ ಕೇಳಿಕೊಂಡು ಸುಮ್ಮನಿರಲು ಆಗುತ್ತದೆಯೇ?

ಮನೆಯಲ್ಲಿ ಹೆಂಡತಿಯ ಎದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಎಲ್ಲ ಹೇಳಿದ.

"ಕೊಟ್ಟುಬಿಡಿ" ಅಂದಳು. "ದೇವರಿಗಿಂತ ದೊಡ್ಡದಾ ಅದು? ಬೀರುವಲ್ಲಿ ಧೂಳು ತಿಂತಾ ಇದೆ." ಆಮೇಲೆ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಬೆಂಚು ಇರುತ್ತೆ ತಾನೇ?"

ಮರುದಿನ ಅವನು ಅಧ್ಯಕ್ಷರ ಗೋದಾಮಿಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು, ನಾಲ್ಕು ಬಾರಿ ಕೆಮ್ಮಿ, ಬೆಂಚಿನ ಮಾತು ಎತ್ತಿದ. ಯಾಕೆ ಬೇಕು ಎಂದು ಹೇಳಲು ನಾಚಿಕೆಯಾಯಿತು.

"ಛೆ ಛೆ, ಬೆಂಚೇನು ಮಹಾ! ನಿಮ್ಮನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತೀವಿ ಕಣ್ರೀ!"

ಅಳತೆಯಣ್ಣನಿಗೆ ಬೇಕಾದದ್ದು ತಲೆಯಲ್ಲ, ಬೆಂಚು. ಆದರೆ ದೊಡ್ಡವರು ತಲೆಯನ್ನೇ ಕೊಡುತ್ತೇನೆ ಎಂದಾಗ ಮರದ ಹಲಗೆ ಕೇಳುವುದು ಚೆನ್ನಾಗಿರುವುದಿಲ್ಲ.

ಪತ್ರ ಬರೆಯುವ ಹೊಣೆ ಮೇಷ್ಟ್ರದು. ನಾಲ್ಕು ದಿನ ಬರೆದರು. ಐದನೆಯ ದಿನ ಅಂಗಡಿಗೆ ಬಂದು ಓದಿದರು: "ತಾವು ನಮ್ಮ ಮತವನ್ನು ಎಣಿಕೆಯಿಂದ ಕೈಬಿಟ್ಟು, ಇತರೆಯೊಳಗೆ ಬೆರೆಸಿ, ಅಮಾನ್ಯಗೊಳಿಸಿರುವುದನ್ನು ಉಗ್ರವಾಗಿ ಪ್ರತಿಭಟಿಸಿ, ಈ ರಾಷ್ಟ್ರೀಯ ಗೌರವವನ್ನು ಹಿಂದಿರುಗಿಸುತ್ತಿದ್ದೇನೆ."

"ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ನಮ್ಮ ಧರ್ಮ ಅಂತ ಬರೆದ್ರೆ ಇನ್ನೂ ಸಲೀಸಾಗಿ ಅರ್ಥ ಆಗಲ್ವಾ?"

ಮೇಷ್ಟ್ರು ಕನ್ನಡಕ ತೆಗೆದರು. "ಧರ್ಮ ಅಂದ್ರೆ ದಾನ ಅಂತಾನೂ ಆಗುತ್ತೆ. 'ಧರ್ಮಕ್ಕೆ ಪದಕ ಕೊಡ್ತಿದ್ದೇನೆ' ಅಂದ್ರೆ ಏನಂದ್ಕೋತಾರೆ? ಪುಕ್ಕಟೆ ಕೊಡ್ತಿದ್ದಾನೆ, ತಗೊಳ್ಳೋಣ ಅಂತಾರೆ. ಅಪಾರ್ಥಕ್ಕೆ ಎಡೆ ಇಡಬಾರದು. ಮತ ಅನ್ನೋದೇ ಖಚಿತವಾದ ಪದ."

ಮೂವತ್ತು ವರ್ಷ ಪಾಠ ಹೇಳಿದವರ ಎದುರು ಚಪ್ಪಲಿ ಹೊಲಿಯುವವನು ಏನು ವಾದ ಮಾಡುತ್ತಾನೆ? ರುಜು ಹಾಕಿದ.

ಪದಕ ಕೊಡುವ ಕಚೇರಿ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಅಧ್ಯಕ್ಷರು ಆಣಿಯೊಂದಿಗೆ ಮೆಟ್ಟಿಲು ಹತ್ತಿದರು. ಆ ಪ್ರತಿಭಟನೆಯಲ್ಲಿ ಅವರು ಮಾಡಿದ ತ್ಯಾಗ ಅದು. ಮೆಟ್ಟಿಲ ಮೇಲೆ ಫೋಟೋದವನು ಕಾಯುತ್ತಿದ್ದ. ಅಳತೆಯಣ್ಣ ಪದಕದ ಖಾಲಿ ಡಬ್ಬಿ ಹಿಡಿದುಕೊಂಡಿದ್ದರಿಂದ ಪದಕವನ್ನು ಅಧ್ಯಕ್ಷರೇ ಎತ್ತಿ ಹಿಡಿಯಬೇಕಾಯಿತು. ಮರುದಿನದ ಪತ್ರಿಕೆಯಲ್ಲಿ ಅಧ್ಯಕ್ಷರು ಪದಕ ಹಿಂದಿರುಗಿಸಿದರೆಂದು ಬಂತು. ಚಿತ್ರದ ಅಂಚಿನಲ್ಲಿ ಕಂಡ ಮೊಣಕೈ ಅಳತೆಯಣ್ಣನದು.

ಮೇಜಿನ ಹಿಂದೆ ಕೂತಿದ್ದ ಗುಮಾಸ್ತೆ ಪದಕವನ್ನೂ ಮೂವರನ್ನೂ ಸರದಿಯಂತೆ ನೋಡಿದಳು. "ಇದು ಕೊಡೋ ಶಾಖೆ. ತಗೊಳ್ಳೋ ಶಾಖೆ ಅಂತ ಇಲ್ವಲ್ಲ."

"ತಗೊಳ್ಳಲೇಬೇಕು" ಎಂದು ಅಧ್ಯಕ್ಷರು ಮೇಜು ಕುಟ್ಟಿದರು.

ಅವಳು ನಿಟ್ಟುಸಿರು ಬಿಟ್ಟು ಕಂಪ್ಯೂಟರಿನತ್ತ ತಿರುಗಿದಳು. "ಕಾರಣ ಹಾಕದೆ ಇದು ಮುಂದಕ್ಕೆ ಹೋಗಲ್ಲ. ಪದಕ ಮುರಿದಿದೆಯಾ?"

"ಇಲ್ಲಮ್ಮ" ಎಂದ ಅಳತೆಯಣ್ಣ.

"ಹೆಸರು ತಪ್ಪು ಬಿದ್ದಿದೆಯಾ?"

"ಇಲ್ಲ."

"ಪದಕ ಪಡೆದವರು ತೀರಿಕೊಂಡಿದ್ದಾರಾ?"

"ಪಡೆದವನು ನಾನೇ. ಇನ್ನೂ ಇಲ್ಲ."

"ಹಾಗಾದ್ರೆ 'ಇತರೆ' ಅಂತ ಹಾಕ್ತೀನಿ."

ಮೇಷ್ಟ್ರು ಹೌಹಾರಿದರು. "ಅಯ್ಯೋ, ನಮ್ಮ ಹೋರಾಟ ನಡೀತಿರೋದೇ ಇತರೆ ವಿರುದ್ಧ!"

"ಹೋರಾಟ ಅಂತ ಇದರಲ್ಲಿ ಬರಲ್ಲ ಸರ್" ಎಂದು ಅವಳು ಒತ್ತಿಯೇಬಿಟ್ಟಳು. ಪದಕವನ್ನು ಕಂದು ಲಕೋಟೆಗೆ ಹಾಕಿ, ಪತ್ರವನ್ನು ಸೇರಿಸಿ, ಪಿನ್ನು ಹೊಡೆಯಲು ಹೋದಳು. "ರಿಬ್ಬನ್ನಿಗೆ ಚುಚ್ಚಬೇಡಮ್ಮಾ" ಎಂದು ಅಳತೆಯಣ್ಣನ ಬಾಯಿಂದ ಬಂದುಬಿಟ್ಟಿತು. ಅಧ್ಯಕ್ಷರು ಕಣ್ಣು ಬಿಟ್ಟರು. ಪ್ರತಿಭಟನೆ ಮಾಡುವವರು ರಿಬ್ಬನ್ನಿನ ಬಗ್ಗೆ ಮರುಗಬಾರದಂತೆ.

ಆ ವಾರ ಮಂದಿರದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಗಂಡ ಹೆಂಡತಿ ಮೊದಲ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಎರಡನೆಯ ವಾರವೂ ಕೂತರು. ಮೂರನೆಯ ವಾರ ಬಂದು ನೋಡಿದರೆ ಆ ಜಾಗದಲ್ಲಿ ಅಧ್ಯಕ್ಷರ ಅಳಿಯ ಕೂತಿದ್ದ. ಮಂದಿರಕ್ಕೆ ನಾಲ್ಕು ಫ್ಯಾನು ಕೊಡಿಸಿದ್ದನಂತೆ.

"ಇದೊಂದು ದಿನ ಹಿಂದೆ ಅಡ್ಜಸ್ಟ್ ಮಾಡ್ಕೊಳ್ಳಪ್ಪಾ" ಎಂದರು ಅಧ್ಯಕ್ಷರು.

ಅಪ್ಪಾ ಎಂದದ್ದನ್ನು ಅಳತೆಯಣ್ಣ ಗಮನಿಸಿದ. ಬಹುವಚನ ಬರುವಾಗ ಒಂದೇ ಸಲ ಬಂದಿತ್ತು, ಹೋಗುವಾಗ ಮೆಟ್ಟಿಲಿಳಿದು ಹೋಯಿತು. ಏನ್ರೀ ಎನ್ನುತ್ತಿದ್ದವರು ಏನಪ್ಪಾ ಎಂದರು, ಎರಡು ತಿಂಗಳು ದಾಟುವಾಗ ಏನೋ ಎಂದರು. ಅಷ್ಟರಲ್ಲಿ 'ಇದೊಂದು ದಿನ'ವೂ ಹತ್ತು ವಾರವಾಗಿತ್ತು. ಯಾರೂ ಏನೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಬಾಗಿಲ ಬಳಿ ಒಳ್ಳೆಯ ಗಾಳಿ ಬರುತ್ತದಲ್ಲ ಎಂದು ವಿಚಾರಿಸಿಕೊಂಡರು ಕೂಡ. ಹೆಂಡತಿ ಅವನ ಪಕ್ಕ ಕೂತು, ಕತ್ತು ಉದ್ದ ಮಾಡಿ, ಅಷ್ಟು ದೂರದ ತುಟಿಗಳನ್ನೇ ನೋಡುತ್ತಿದ್ದಳು. ಕೇಳಿಸುತ್ತದಾ ಎಂದು ಅವನು ಸನ್ನೆ ಮಾಡಿದರೆ, "ಕಾಣುತ್ತೆ, ಸಾಕು" ಎನ್ನುತ್ತಿದ್ದಳು. ಅವನಿಗೆ ನೆಲ ಬಿರಿದು ನುಂಗಬಾರದೇ ಅನಿಸುತ್ತಿತ್ತು.

ಇತ್ತ ಲಕೋಟೆಯ ಪ್ರಯಾಣ ಕೇಳಿ. ಪದಕದ ಶಾಖೆಯ ಅಧಿಕಾರಿ ಪತ್ರ ಓದಿದ. ಮತ, ಎಣಿಕೆ, ಕೈಬಿಟ್ಟದ್ದು, ಅಮಾನ್ಯ. ಇದರಲ್ಲಿ ಅರ್ಥವಾಗದ್ದೇನಿದೆ? ಪಾಪ, ಯಾರೋ ಇವನ ಓಟನ್ನು ಎಣಿಸಿಲ್ಲ! ನೇರ ಚುನಾವಣಾ ಶಾಖೆಗೆ ಕಳಿಸಿಕೊಟ್ಟ. ಅಲ್ಲೊಬ್ಬ ಶ್ರದ್ಧೆಯ ಅಧಿಕಾರಿಯಿದ್ದ. ಈ ಕತೆಯಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದ ಸರ್ಕಾರಿ ಮನುಷ್ಯ ಅವನೊಬ್ಬನೇ. ಹಳೆಯ ದಾಖಲೆಗಳನ್ನೆಲ್ಲ ತೆಗೆಸಿ, ಪರಿಶೀಲಿಸಿ, ಮೊಹರು ಹಾಕಿ ಉತ್ತರ ಬರೆದ. ಮೇಷ್ಟ್ರು ಪತ್ರದಲ್ಲಿ ಮಂದಿರದ ವಿಳಾಸ ಕೊಟ್ಟಿದ್ದರಿಂದ ಉತ್ತರವೂ ಅಲ್ಲಿಗೇ ಬಂತು, ಅವರೇ ಒಡೆದರು.

ಮುಂದಿನ ಪ್ರಾರ್ಥನೆಯ ದಿನ ಮಂದಿರ ಕಿಕ್ಕಿರಿದಿತ್ತು. ಗುರುಗಳು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಎದ್ದು ನಿಂತು, ಸರ್ಕಾರ ಮಣಿಯಿತು ಎಂದು ಸಾರಿದರು. ಮೇಷ್ಟ್ರು ಕಾಗದ ಬಿಡಿಸಿ ಗಂಟಲು ಸರಿಮಾಡಿಕೊಂಡರು.

"'ತಮ್ಮ ಮತವು ಸಿಂಧುವಾಗಿದ್ದು, ಅದನ್ನು ಎಣಿಕೆಯಲ್ಲಿ ಸೇರಿಸಲಾಗಿದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ.'"

ಛಾವಣಿ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಕೆಲವರು ಕಣ್ಣೊರೆಸಿಕೊಂಡರು. ಕೆಳಗೆ ಇನ್ನೂ ಎರಡು ಸಾಲಿತ್ತು. ಮೇಷ್ಟ್ರ ಕಣ್ಣು ಅಲ್ಲಿಗೆ ಹೋದದ್ದೂ, ಅವರು ಕಾಗದವನ್ನು ಸರಿಯಾಗಿ ಆ ಸಾಲಿನ ಮೇಲೆ ಮಡಚಿದ್ದೂ ಯಾರಿಗೂ ಕಾಣಲಿಲ್ಲ. ಎಲ್ಲರೂ ಮೊಹರು ನೋಡಬೇಕೆಂದರು. ಕಾಗದ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಹಾದು, ಕಟ್ಟಕಡೆಗೆ ಬಾಗಿಲ ಬಳಿ ಬಂತು. ಅದರ ಮೇಲಿದ್ದ ಹೆಸರು ಅಳತೆಯಣ್ಣನದೇ. ಅವನು ಮಡಿಕೆ ಬಿಡಿಸಿದ.

'ಮತಗಟ್ಟೆ ಸಂಖ್ಯೆ ನೂರಾ ಹದಿನಾಲ್ಕು, ಎರಡನೆಯ ಕೊಠಡಿ. ಮುಂದಿನ ಚುನಾವಣೆಯಲ್ಲೂ ತಪ್ಪದೆ ಮತ ಚಲಾಯಿಸಬೇಕಾಗಿ ವಿನಂತಿ. ತಾವು ದಾಖಲೆಗಾಗಿ ಲಗತ್ತಿಸಿದ್ದ ಲೋಹದ ವಸ್ತುವನ್ನು ಕಡತದೊಂದಿಗೆ ಮುಕ್ತಾಯಗೊಳಿಸಲಾಗಿದೆ.'

ಅವನು ಎರಡು ಸಲ ಓದಿದ. ತಲೆಯೆತ್ತಿ ಮುಂದಿನ ಬೆಂಚುಗಳನ್ನು ನೋಡಿದ. ಎಲ್ಲ ಮುಖಗಳಲ್ಲೂ ಸಂತೋಷ. ಮೇಷ್ಟ್ರು ಮಾತ್ರ ಅವನನ್ನೇ ನೋಡುತ್ತ, ಬೇಡಪ್ಪಾ ಎನ್ನುವಂತೆ ತಲೆ ಅಲ್ಲಾಡಿಸುತ್ತಿದ್ದರು.

ಹೆಂಡತಿ ಅವನ ತೋಳು ತಿವಿದಳು. "ಏನಂತೆ ರೀ? ಎಲ್ಲ ಯಾಕೆ ಚಪ್ಪಾಳೆ ಹೊಡೆದ್ರು?"

ಆಮೇಲೆ ಹೇಳ್ತೀನಿ ಎಂದು ಕೈಸನ್ನೆ ಮಾಡಬಹುದಿತ್ತು. ಆದರೆ ಅವಳ ಮುಖ ನೋಡಿದ. ಈ ಮಂದಿರದಲ್ಲಿ ಎಲ್ಲ ಮಾತೂ ಎಲ್ಲರಿಗೂ ಆದ ಮೇಲೆ, ಉಳಿದರೆ ಅವಳಿಗೆ. ಪಿಸುಗುಟ್ಟಿದರೆ ಅವಳಿಗೆ ಕೇಳುವುದಿಲ್ಲ. ಅವನು ಕೂಗಿಯೇ ಹೇಳಿದ.

"ನಮ್ಮ ಓಟು ಎಣಿಸಿದ್ದಾರಂತೆ ಕಣೇ! ಮತ ಅಂದ್ರೆ ಓಟು ಅಂದ್ಕೊಂಡಿದ್ದಾರೆ!"

ಮುಂದಿನ ಬೆಂಚಿನವರೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದರು.

"ಓಟಾ? ಹಾಗಾದ್ರೆ ಪದಕ?" ಅವಳ ದನಿಯಂತೂ ಮೊದಲೇ ಜೋರು.

"ಅವರ ಕಡತದಲ್ಲಿದೆ!"

"ಮತ್ತೆ ಬೆಂಚು?"

ಅವನು ಕಾಗದವನ್ನು ಮೊದಲಿನ ಮಡಿಕೆಗೇ ಮಡಚಿದ. ಅವಳು ಮಂಡಿಯ ಮೇಲೆ ಕೈಯೂರಿ ಎದ್ದು, ಸೀರೆಯ ಸೆರಗು ಸರಿಮಾಡಿಕೊಂಡು, ಬೆಂಚುಗಳ ನಡುವಿನ ದಾರಿಯಲ್ಲಿ ಮುಂದಕ್ಕೆ ನಡೆದಳು.

"ಏನೋ ಇದು? ಅವಳನ್ನ ಕೂರಿಸೋ!" ಎಂದು ಅಧ್ಯಕ್ಷರು ಗದರಿದರು. ಅದು ಅವಳಿಗೆ ಕೇಳಿಸಲಿಲ್ಲ. ಕಿವುಡಿನಿಂದ ಅವಳಿಗೊಂದು ಉಪಕಾರವಾದದ್ದು ಅದೇ ಮೊದಲು.

ಮೊದಲ ಬೆಂಚಿನ ಮುಂದೆ ನಿಂತಳು. ಬೈಯಲಿಲ್ಲ, ಅಳಲಿಲ್ಲ.

"ಸ್ವಲ್ಪ ಜರುಗಿ ಮೇಷ್ಟ್ರೇ. ಹಿಂದಿಂದ ನನಗೆ ಪ್ರಾರ್ಥನೆ ಕೇಳ್ಸಲ್ಲ."

ಈ ವಾಕ್ಯಕ್ಕೆ ಎರಡು ಅರ್ಥವಿರಲಿಲ್ಲ. ಮೇಷ್ಟ್ರು ಜರುಗಿದರು. ಅವರು ಜರುಗಿದ್ದಕ್ಕೆ ಅಧ್ಯಕ್ಷರ ಅಳಿಯನೂ ಜರುಗಿದ. ಗುರುಗಳು ವೇದಿಕೆಯಿಂದ ಬಗ್ಗಿ, "ಕೇಳ್ಸಲ್ವೇನಮ್ಮಾ? ಯಾರೂ ನನಗೆ ಹೇಳಲೇ ಇಲ್ವಲ್ಲ!" ಎಂದರು. ಅವಳು ಕೂತಳು.

ಪ್ರಾರ್ಥನೆ ಶುರುವಾಯಿತು. ಬೆಂಚಿನಲ್ಲಿ ಆದದ್ದು ಒಬ್ಬರ ಜಾಗ, ಅಳತೆಯಣ್ಣ ಬಾಗಿಲ ಬಳಿಯೇ ಉಳಿದ. ಅವನಿಗೆ ಅಲ್ಲಿಂದಲೂ ಎಲ್ಲ ಕೇಳಿಸುತ್ತಿತ್ತು, ನಲವತ್ತು ವರ್ಷದಿಂದಲೂ ಕೇಳಿಸುತ್ತಿತ್ತು. ಅಧ್ಯಕ್ಷರನ್ನು, ಮೇಷ್ಟ್ರನ್ನು, ಸರ್ಕಾರವನ್ನು ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ಬೈದು ಮುಗಿಸಿದ. ಬೈಯಲು ಇನ್ನೊಬ್ಬ ಉಳಿದಿದ್ದ. ಇವಳಿಗೆ ಕೇಳಿಸುವುದಿಲ್ಲ ಎಂದು ಈ ಇಪ್ಪತ್ತು ವರ್ಷದಲ್ಲಿ ಒಂದು ದಿನವಾದರೂ, ಒಬ್ಬರಿಗಾದರೂ ತಾನು ಹೇಳಿದ್ದುಂಟೇ ಎಂದು ನೆ​ನಪು ಮಾಡಿಕೊಂಡು ನೋಡಿದ. ಹೇಳಿರಲಿಲ್ಲ.